ಮೆಂಫಿಸ್‌ಗೆ ಅವರು ಏಕೆ ಬಂದಿದ್ದರು

ಅಮೆರಿಕದ ಮೆಂಫಿಸ್ ನಗರದ ಲೊರೇನ್ ಮೋಟೆಲ್ ಎದುರು ಮೊದಲ ಸಲ ನಿಂತಾಗ, ಅಲ್ಲಿಗೆ ಬರುವ ಎಲ್ಲರಂತೆ ನಾನೂ ತಲೆಯೆತ್ತಿ ಮಹಡಿಯ ಬಾಲ್ಕನಿಯನ್ನೇ ನೋಡಿದೆ. ಕೆಳಗೆ ಆ ಕಾಲದ ಎರಡು ಕಾರುಗಳು ನಿಂತಿವೆ, ಮೇಲೆ ಕಂಬಿಗೆ ಕೆಂಪು ಬಿಳಿ ಬಣ್ಣದ ಒಂದು ಹೂಚಕ್ರ ಕಟ್ಟಿದೆ, ಅದರ ಹಿಂದೆ 306 ಎಂಬ ಸಂಖ್ಯೆಯ ಬಾಗಿಲಿದೆ. 1968ರ ಏಪ್ರಿಲ್ 4ರ ಸಂಜೆ 6 ಗಂಟೆ 1 ನಿಮಿಷಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರಿಗೆ ಗುಂಡು ತಗುಲಿದ್ದು ಆ ಬಾಗಿಲ ಮುಂದೆಯೇ. ಅವರು ಎಲ್ಲಿ, ಎಂದು, ಯಾರ ಗುಂಡಿಗೆ ಬಲಿಯಾದರು ಎಂಬುದೆಲ್ಲ ಶಾಲೆಯ ದಿನಗಳಿಂದಲೂ ನನಗೆ ಗೊತ್ತಿತ್ತು. ಆದರೆ ಅಟ್ಲಾಂಟಾದ ಈ ಪಾದ್ರಿ ಆ ವಾರ ಟೆನೆಸಿ ರಾಜ್ಯದ ಈ ಊರಿಗೆ ಏಕೆ ಬಂದಿದ್ದರು ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಸಾವನ್ನು ಬಲ್ಲವನಾಗಿದ್ದ ನಾನು ಅವರ ಕೆಲಸವನ್ನು ಬಲ್ಲವನಾಗಿರಲಿಲ್ಲ. ಅಂದಿನಿಂದ ಕಿಂಗ್ ಅವರ ಯಾವುದೇ ಸ್ಮಾರಕವನ್ನು ನೋಡುವಾಗ, ಅವರ ಕುರಿತು ಓದುವಾಗ, ನಾನು ಮೊದಲು ಹುಡುಕುವುದು ಈ ಒಂದು ಉತ್ತರವನ್ನು: ಇವರು ಇಲ್ಲಿ ಏಕಿದ್ದರು, ಯಾರ ಜೊತೆಗಿದ್ದರು?

ಮೆಂಫಿಸ್‌ನ ಮಟ್ಟಿಗೆ ಉತ್ತರ ಆ ಕಟ್ಟಡದ ಒಳಗೇ ಇದೆ. ಮೋಟೆಲ್ ಈಗ ರಾಷ್ಟ್ರೀಯ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಗಿದೆ. ಗುಲಾಮಗಿರಿಯ ಕಾಲದಿಂದ ಹೊರಟು, ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಅಲಬಾಮ ರಾಜ್ಯದ ಮಾಂಟ್ಗೊಮರಿಯಲ್ಲಿ ನಡೆದ ಬಸ್ ಬಹಿಷ್ಕಾರ, ವಿದ್ಯಾರ್ಥಿಗಳ ಧರಣಿಗಳು, ಬರ್ಮಿಂಗ್‌ಹ್ಯಾಮ್, ಸೆಲ್ಮಾ ಊರುಗಳ ಹೋರಾಟಗಳು ಎಲ್ಲವನ್ನೂ ಹಾದು ನಡೆಯುತ್ತ ಹೋದರೆ ಕೊನೆಯ ಭಾಗದಲ್ಲಿ ಒಂದು ಕಸದ ಲಾರಿ ಎದುರಾಗುತ್ತದೆ. 1968ರ ಫೆಬ್ರವರಿ 1ರಂದು, ಮಳೆ ಸುರಿಯುತ್ತಿದ್ದಾಗ, ಎಕಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಪೌರಕಾರ್ಮಿಕರು ಇಂಥದೇ ಒಂದು ಲಾರಿಯ ಹಿಂಭಾಗದಲ್ಲಿ ಮಳೆಗೆ ಮರೆಯಾಗಿ ಕುಳಿತಿದ್ದರು. ಕಸವನ್ನು ಅದುಮುವ ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಗಿ ಇಬ್ಬರನ್ನೂ ಒಳಗೆಳೆದುಕೊಂಡು ಕೊಂದುಹಾಕಿತು. ಹನ್ನೊಂದು ದಿನಗಳ ನಂತರ, ಫೆಬ್ರವರಿ 12ರಂದು, ಸುಮಾರು 1,300 ಕಾರ್ಮಿಕರು ಕೆಲಸಕ್ಕೆ ಹೋಗಲಿಲ್ಲ. ಕೂಲಿ ಹೆಚ್ಚಬೇಕು, ಕೆಲಸದಲ್ಲಿ ಜೀವಕ್ಕೆ ರಕ್ಷಣೆ ಬೇಕು, ತಮ್ಮ ಸಂಘಕ್ಕೆ ನಗರಾಡಳಿತದ ಮಾನ್ಯತೆ ಬೇಕು ಎಂಬುದು ಅವರ ಬೇಡಿಕೆ. ಮೇಯರ್ ಹೆನ್ರಿ ಲೋಬ್ ಒಪ್ಪಲಿಲ್ಲ. ಕಿಂಗ್ ಬಂದಿದ್ದು ಈ ಮುಷ್ಕರದ ಬೆಂಬಲಕ್ಕೆ.

ಆ ಮುಷ್ಕರದ ಫಲಕವೊಂದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಬಿಳಿಯ ರಟ್ಟಿನ ಮೇಲೆ ದಪ್ಪಕ್ಷರಗಳಲ್ಲಿ ನಾಲ್ಕೇ ಪದಗಳು: ‘ಐ ಆ್ಯಮ್ ಎ ಮ್ಯಾನ್’. ಇದನ್ನು ಕನ್ನಡದಲ್ಲಿ ‘ನಾನು ಮನುಷ್ಯ’ ಎಂದು ಬರೆದುಬಿಡುವುದು ರೂಢಿ. ಆದರೆ ಹತ್ತಿರದಿಂದ ನೋಡಿದರೆ ‘ಆ್ಯಮ್’ ಎಂಬ ಪದದ ಕೆಳಗೆ ಒಂದು ಗೆರೆ ಎಳೆದಿರುವುದು ಕಾಣುತ್ತದೆ. ಅವರು ಒತ್ತು ಕೊಟ್ಟು ಹೇಳಿದ ಆ ಪದವೇ ನಮ್ಮ ಅನುವಾದದಲ್ಲಿ ಬಿಟ್ಟುಹೋಗುತ್ತದೆ, ಏಕೆಂದರೆ ಕನ್ನಡದ ಈ ವಾಕ್ಯಕ್ಕೆ ಅಂಥದೊಂದು ಕ್ರಿಯಾಪದದ ಅಗತ್ಯವೇ ಇಲ್ಲ. ‘ನಾನು ಮನುಷ್ಯನೇ’ ಎಂದು ಆ ‘ಏ’ಕಾರವನ್ನು ಎಳೆದು ಹೇಳಿದರೆ ಸ್ವಲ್ಪ ಹತ್ತಿರ ಬರಬಹುದು. ಕೊನೆಯ ಪದಕ್ಕೂ ಎರಡು ಅರ್ಥಗಳಿವೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು ಅರವತ್ತು ವರ್ಷದ ಕಪ್ಪು ಗಂಡಸನ್ನೂ ‘ಏ ಹುಡುಗ’ ಎಂದೇ ಕರೆಯುತ್ತಿದ್ದರು. ನಾನು ಮನುಷ್ಯನೇ, ಜೊತೆಗೆ ನಾನು ಹುಡುಗನಲ್ಲ, ಬೆಳೆದ ಗಂಡಸು ಎಂಬ ಎರಡೂ ಮಾತುಗಳನ್ನು ಆ ರಟ್ಟು ಒಟ್ಟಿಗೆ ಹೇಳುತ್ತಿತ್ತು. ಒಂದು ವಸ್ತುವನ್ನು ಉಳಿಸಿಕೊಳ್ಳುವುದರಿಂದ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಗೆರೆಯನ್ನು ತೋರಿಸುತ್ತೇನೆ. ಪುಸ್ತಕಗಳಲ್ಲಿ ಆ ಘೋಷಣೆಯನ್ನು ಎಷ್ಟೋ ಸಲ ಓದಿದ್ದೆ, ಆದರೆ ಗೆರೆಯನ್ನು ಕಂಡಿದ್ದು ಅಲ್ಲಿ.

ಲಾರಿ ಮತ್ತು ಫಲಕಗಳನ್ನು ದಾಟಿದ ಮೇಲೆಯೇ 306ನೇ ಕೋಣೆ. ಗಾಜಿನ ಆಚೆಗೆ ಎರಡು ಹಾಸಿಗೆಗಳು, ಸರಿಯಾಗಿ ಮಡಿಸದ ಹೊದಿಕೆ, ಕಾಫಿಯ ಬಟ್ಟಲುಗಳು. ಎರಡನೆಯ ಹಾಸಿಗೆ ಕಿಂಗ್ ಅವರ ಗೆಳೆಯ ರಾಲ್ಫ್ ಅಬರ್ನಾಥಿ ಅವರದು. ಈ ಜೋಡಣೆಯ ಕ್ರಮ ನನಗೆ ಬಹಳ ಮುಖ್ಯವೆನಿಸಿತು. ಮೊದಲು ಕೋಣೆಯನ್ನು ತೋರಿಸಿ ಆಮೇಲೆ ಮುಷ್ಕರವನ್ನು ವಿವರಿಸಿದ್ದರೆ ಮುಷ್ಕರವು ಸಾವಿಗೊಂದು ಅಡಿಟಿಪ್ಪಣಿಯಾಗುತ್ತಿತ್ತು. ಈಗ ಹಾಗಾಗುವುದಿಲ್ಲ. ಎಕಲ್ ಕೋಲ್ ಮತ್ತು ರಾಬರ್ಟ್ ವಾಕರ್ ಅವರ ಸಾವಿನಿಂದ ಹೊರಟವರು ಈ ಕೋಣೆಯನ್ನು ತಲುಪುತ್ತಾರೆ, ಕಿಂಗ್ ತಲುಪಿದ್ದೂ ಅದೇ ದಾರಿಯಿಂದ. ಮಾರ್ಚ್ 18ರಂದು ಅವರು ಮೆಂಫಿಸ್‌ನಲ್ಲಿ ಭಾಷಣ ಮಾಡಿದ್ದರು. ಮಾರ್ಚ್ 28ರಂದು ಅವರೇ ಮುಂದೆ ನಿಂತು ನಡೆಸಿದ ಮೆರವಣಿಗೆ ಕಲ್ಲು ತೂರಾಟ, ಲಾಠಿ ಪ್ರಹಾರಗಳಲ್ಲಿ ಮುರಿದುಬಿತ್ತು, ಲ್ಯಾರಿ ಪೇನ್ ಎಂಬ ಹದಿನಾರರ ಹುಡುಗ ಪೊಲೀಸರ ಗುಂಡಿಗೆ ಬಲಿಯಾದ. ಬಡವರನ್ನೆಲ್ಲ ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೋಗುವ ದೊಡ್ಡ ಆಂದೋಲನದ ಸಿದ್ಧತೆಯಲ್ಲಿ ಮುಳುಗಿದ್ದ ಕಿಂಗ್, ಅಹಿಂಸೆಯಿಂದಲೇ ಮೆರವಣಿಗೆ ನಡೆಸಬಹುದೆಂದು ತೋರಿಸಲು ಏಪ್ರಿಲ್ 3ರಂದು ಮರಳಿ ಬಂದರು. ಅಂದು ರಾತ್ರಿ ಗುಡುಗು ಮಳೆಯ ನಡುವೆ ಮೇಸನ್ ಟೆಂಪಲ್‌ನಲ್ಲಿ ಅವರು ಮಾಡಿದ್ದೇ ಕೊನೆಯ ಭಾಷಣ.

ಈ ಕೋಣೆ ಉಳಿದ ಕಥೆಯೂ ಅಷ್ಟೇ ಹೇಳಬೇಕಾದ್ದು. ಮೋಟೆಲ್‌ನ ಮಾಲೀಕ ವಾಲ್ಟರ್ ಬೈಲಿ, ಆತನ ಹೆಂಡತಿ ಲೋರಿ. ಬಿಳಿಯರ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಕೋಣೆ ಸಿಗದಿದ್ದ ಕಾಲದಲ್ಲಿ ಒಟಿಸ್ ರೆಡಿಂಗ್, ಅರೀತಾ ಫ್ರಾಂಕ್ಲಿನ್ ಅವರಂಥ ಗಾಯಕರು ಇಳಿದುಕೊಳ್ಳುತ್ತಿದ್ದ ತಾಣ ಅದು. ಕಿಂಗ್ ಅವರಿಗೆ ಗುಂಡು ತಗುಲಿದ ದಿನವೇ ಲೋರಿ ಅವರಿಗೆ ಪಾರ್ಶ್ವವಾಯು ಬಡಿಯಿತು, ಕಿಂಗ್ ಅವರ ಅಂತ್ಯಕ್ರಿಯೆ ನಡೆದ ಏಪ್ರಿಲ್ 9ರಂದು ಅವರೂ ತೀರಿಕೊಂಡರು. ಬೈಲಿ ಆಮೇಲೆ 306ನೇ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಡದೆ ನೆನಪಿನ ಕೋಣೆಯಾಗಿ ಕಾದರು. ಸರ್ಕಾರವಾಗಲಿ, ತಜ್ಞರಾಗಲಿ ಕಣ್ಣೆತ್ತಿ ನೋಡುವ ಎಷ್ಟೋ ಮೊದಲು, ಹೆಂಡತಿಯನ್ನೂ ಅತಿಥಿಯನ್ನೂ ಒಂದೇ ವಾರದಲ್ಲಿ ಕಳೆದುಕೊಂಡ ಒಬ್ಬ ಹೋಟೆಲಿಗ ಆ ಬಾಗಿಲನ್ನು ಕಾದಿದ್ದರಿಂದಲೇ ಇಂದು ನೋಡಲು ಏನಾದರೂ ಉಳಿದಿದೆ. ವ್ಯಾಪಾರ ಕುಸಿದು, ಸುತ್ತಲಿನ ಬಡಾವಣೆ ಬರಿದಾಗಿ, 1982ರಲ್ಲಿ ಮೋಟೆಲ್ ಹರಾಜಿಗೆ ಬಂತು. ಸ್ಥಳೀಯರು ಕಟ್ಟಿಕೊಂಡ ಪ್ರತಿಷ್ಠಾನವೊಂದು 1,44,000 ಡಾಲರ್ ಕೂಗಿ ಅದನ್ನು ಪಡೆಯಿತು. ಆ ಹಣಕ್ಕೆ ಕೊನೆಯ ಗಳಿಗೆಯಲ್ಲಿ ನೆರವಾದವರಲ್ಲಿ ಸಾರ್ವಜನಿಕ ನೌಕರರ ಸಂಘವೂ ಇತ್ತು, 1968ರ ಮುಷ್ಕರದಲ್ಲಿ ಪೌರಕಾರ್ಮಿಕರ ಬೆನ್ನಿಗೆ ನಿಂತಿದ್ದ ಅದೇ ಸಂಘ. ಬೈಲಿ 1988ರಲ್ಲಿ ತೀರಿಕೊಂಡರು. ವಸ್ತುಸಂಗ್ರಹಾಲಯ 1991ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆದಾಗ ನೋಡಲು ಅವರಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಮಾಧಾನ ಕೊಡುವ ಕಥೆ. ಆದರೆ ಅದರೊಳಗೆ ಒಂದು ಮುಳ್ಳಿದೆ, ಅದನ್ನು ಬಿಟ್ಟು ಬರೆಯಲಾರೆ. ಮೋಟೆಲ್‌ನಲ್ಲಿ ಕೆಲಸ ಮಾಡುತ್ತ ಅಲ್ಲಿಯೇ ವಾಸವಾಗಿದ್ದ ಜಾಕ್ವೆಲಿನ್ ಸ್ಮಿತ್ ಎಂಬ ಮಹಿಳೆಯನ್ನು, ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಬದಲಿಸಲೆಂದು, 1988ರ ಮಾರ್ಚ್‌ನಲ್ಲಿ ಬಲವಂತವಾಗಿ ಹೊರಹಾಕಲಾಯಿತು. ಅವರು ರಸ್ತೆಯ ಆಚೆ ಬದಿಗೆ ಹೋಗಿ ಪ್ರತಿಭಟನೆಗೆ ಕುಳಿತರು. ಮೂರು ದಶಕಗಳಿಗೂ ಹೆಚ್ಚು ಕಾಲ, ಬಿಸಿಲು ಮಳೆ ಎನ್ನದೆ, ತಮ್ಮ ಫಲಕಗಳೊಂದಿಗೆ ಅಲ್ಲಿಯೇ ಕುಳಿತರು. ಕೋಟಿಗಟ್ಟಲೆ ಹಣ ಸುರಿದು ಸಾವಿನ ಜಾಗವನ್ನು ಪ್ರವಾಸಿ ತಾಣ ಮಾಡುವ ಬದಲು ಅದೇ ಹಣದಲ್ಲಿ ಬಡವರಿಗೆ ಮನೆ, ಕೆಲಸದ ತರಬೇತಿ, ವೃದ್ಧರಿಗೆ ಆರೈಕೆ ಒದಗಿಸಿದ್ದರೆ ಅದು ಕಿಂಗ್ ಒಪ್ಪುವ ಸ್ಮಾರಕವಾಗುತ್ತಿತ್ತು ಎಂಬುದು ಅವರ ವಾದ. ಸುತ್ತಲಿನ ಬಡಾವಣೆಯ ಬೆಲೆ ಏರಿ, ಅಲ್ಲಿದ್ದ ಬಡವರು ಜಾಗ ಖಾಲಿ ಮಾಡಬೇಕಾಗಿ ಬಂದಿದ್ದನ್ನೂ ಅವರು ಎತ್ತಿ ತೋರಿಸುತ್ತಿದ್ದರು.

ನಾನು ಅವರ ವಾದವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಆ ಕಟ್ಟಡ ನೆಲಸಮವಾಗಿದ್ದರೆ ಕೋಲ್ ಮತ್ತು ವಾಕರ್ ಅವರ ಹೆಸರು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆದರೆ ಬಡವರ ಪರವಾಗಿ ನಿಂತು ಸತ್ತವರ ಹೆಸರಿನಲ್ಲಿ ಒಬ್ಬ ಬಡ ಬಾಡಿಗೆದಾರಳನ್ನು ಬೀದಿಗೆ ಹಾಕಿದ್ದಕ್ಕೆ ಯಾವ ಪ್ರದರ್ಶನವೂ ಉತ್ತರವಾಗದು ಎಂಬುದನ್ನು ಒಪ್ಪದೆ ವಿಧಿಯಿಲ್ಲ. ಒಳಗೆ ಧರಣಿಗಳ ಛಾಯಾಚಿತ್ರಗಳನ್ನು ನೋಡಿ ಹೊರಗೆ ಬಂದವರಿಗೆ ನಿಜವಾದ ಧರಣಿಯೊಂದು ಕಣ್ಣಿಗೆ ಬೀಳುತ್ತಿತ್ತು. ನನ್ನ ದೃಷ್ಟಿಯಲ್ಲಿ ಆ ಪಾದಚಾರಿ ಹಾದಿಯ ಮೂಲೆಯೂ ಸ್ಮಾರಕದ ಭಾಗವೇ. ಕಿಂಗ್ ಎತ್ತಿದ ಪ್ರಶ್ನೆ ಇನ್ನೂ ತೀರಿಲ್ಲವೆಂದು ಒಳಗಿನ ಎಲ್ಲ ವಿವರಣೆಗಳಿಗಿಂತ ನೇರವಾಗಿ ಹೇಳುತ್ತಿದ್ದುದು ಅದು.

ಕೊಲೆಗಾರನಿಗೂ ಪ್ರದರ್ಶನದಲ್ಲಿ ಜಾಗ ಕೊಟ್ಟಿದ್ದಾರೆ ಎಂಬ ಸ್ಮಿತ್ ಅವರ ಇನ್ನೊಂದು ದೂರನ್ನು ಮಾತ್ರ ನಾನು ಹೆಚ್ಚು ಯೋಚಿಸದೆ ಒಪ್ಪುತ್ತೇನೆ. ರಸ್ತೆಯಾಚೆಗಿನ ಹಳೆಯ ವಸತಿಗೃಹದಿಂದ ಜೇಮ್ಸ್ ಅರ್ಲ್ ರೇ ಗುಂಡು ಹಾರಿಸಿದನೆಂಬುದು ಅಧಿಕೃತ ನಿರ್ಣಯ. ವಸ್ತುಸಂಗ್ರಹಾಲಯವು ಆ ಕಟ್ಟಡವನ್ನೂ ಕೊಂಡು 2002ರಲ್ಲಿ ತನ್ನ ಭಾಗವಾಗಿ ತೆರೆಯಿತು. ಸ್ನಾನದ ಕೋಣೆಯ ಕಿಟಕಿ, ತನಿಖೆಯ ಸಾಕ್ಷ್ಯಗಳು, ಸಂಚಿನ ಕುರಿತ ವಾದಗಳು ಎಲ್ಲವೂ ಅಲ್ಲಿವೆ. ಕಿಂಗ್ ಕುಟುಂಬವೇ ಅಧಿಕೃತ ನಿರ್ಣಯವನ್ನು ನಂಬದಿದ್ದಾಗ ಆ ಪ್ರಶ್ನೆಗಳಿಗೆ ಜಾಗವಿರಬೇಕಾದ್ದು ಸರಿ. ಆದರೂ ಕೊಲೆಗಾರ ನಿಂತ ಕಡೆಯಿಂದ ಆ ಬಾಲ್ಕನಿಯನ್ನು ನೋಡುವಂತೆ ಸಂದರ್ಶಕರನ್ನು ಕರೆದೊಯ್ಯುವುದು ನನಗೆ ಹಿಡಿಸಲಿಲ್ಲ. ಆ ಕಿಟಕಿಯಿಂದ ಕಾಣುವುದು ಒಬ್ಬ ಮನುಷ್ಯ ಮತ್ತು ಒಂದು ಗುರಿ ಮಾತ್ರ, ಕೆಳಗಿನ ಕಸದ ಲಾರಿ ಅಲ್ಲಿಂದ ಕಾಣುವುದಿಲ್ಲ.

ಅಟ್ಲಾಂಟಾದ ಆಬರ್ನ್ ಅವೆನ್ಯೂದಲ್ಲಿ ಉಳಿಸಿಕೊಂಡಿರುವುದು ಒಂದು ಬೀದಿಯನ್ನೇ. 501ನೇ ಸಂಖ್ಯೆಯ ಎರಡಂತಸ್ತಿನ ಮನೆಯ ಮಹಡಿಯ ಕೋಣೆಯೊಂದರಲ್ಲಿ 1929ರ ಜನವರಿ 15ರಂದು ಕಿಂಗ್ ಹುಟ್ಟಿದರು. ಮನೆ ತಾಯಿಯ ತಂದೆ ಎ. ಡಿ. ವಿಲಿಯಮ್ಸ್ ಅವರದು, ಅವರು ಅದೇ ಬೀದಿಯ ಎಬನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಆ ಮನೆಯ ಸುತ್ತ ಕಪ್ಪು ಜನಾಂಗದ ವೈದ್ಯರು, ವ್ಯಾಪಾರಿಗಳು ಇದ್ದ ದೊಡ್ಡ ಮನೆಗಳೂ ಇದ್ದವು, ಕೂಲಿಕಾರರ ಸಾಲುಮನೆಗಳೂ ಇದ್ದವು. ರಾಷ್ಟ್ರೀಯ ಉದ್ಯಾನ ಸೇವೆ 1980ರಲ್ಲಿ ಈ ಪ್ರದೇಶವನ್ನು ತನ್ನ ರಕ್ಷಣೆಗೆ ತೆಗೆದುಕೊಂಡಾಗ ಹುಟ್ಟಿದ ಮನೆಯೊಂದನ್ನೇ ಗಾಜಿನ ಪೆಟ್ಟಿಗೆಯಲ್ಲಿಡುವಂತೆ ಬೇರ್ಪಡಿಸಲಿಲ್ಲ. ಎದುರುಬದುರಿನ ಮನೆಗಳನ್ನೂ ಹಳೆಯ ರೂಪಕ್ಕೆ ತಂದು, ಹಲವನ್ನು ಬಾಡಿಗೆಗೆ ಕೊಟ್ಟಿತು. ಹಾಗಾಗಿ ಅಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಮೆಂಫಿಸ್‌ನಲ್ಲಿ ನಡೆದದ್ದನ್ನು ಓದಿಕೊಂಡು ಬಂದವರಿಗೆ ಇದು ಸಣ್ಣ ಸಂಗತಿಯಲ್ಲ.

ಮನೆಯೊಳಗಿನ ವಿವರಗಳನ್ನು ಸರಿಪಡಿಸಿಕೊಟ್ಟವರು ಕಿಂಗ್ ಅವರ ಅಕ್ಕ ಕ್ರಿಸ್ಟೀನ್ ಕಿಂಗ್ ಫ್ಯಾರಿಸ್. ಪಿಯಾನೊ ಪಾಠವೆಂದರೆ ಆಗದ ತಮ್ಮಂದಿರಿಬ್ಬರು ಮೇಷ್ಟರು ಕೂರುವ ಆಸನದ ಕಾಲುಗಳನ್ನು ಸಡಿಲಿಸಿಟ್ಟು ಅವರನ್ನು ಬೀಳಿಸಿದ ಪ್ರಸಂಗವನ್ನು ಜಗತ್ತಿಗೆ ಹೇಳಿದವರೂ ಅವರೇ. 2023ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ಮನೆಯಲ್ಲಿ ಬೆಳೆದ ಮೂವರು ಮಕ್ಕಳಲ್ಲಿ ಕೊನೆಯವರಾಗಿ ಉಳಿದಿದ್ದವರು ಅವರು. ಒಂದು ಮೇಜು ಯಾವ ಗೋಡೆಗೆ ಒತ್ತಿಕೊಂಡಿತ್ತು, ಊಟಕ್ಕೆ ಯಾರು ಎಲ್ಲಿ ಕೂರುತ್ತಿದ್ದರು ಎಂಬುದನ್ನು ನೆನಪಿನಿಂದ ಹೇಳಬಲ್ಲವರು ಹೋದ ಮೇಲೆ ಮನೆಗೆ ಉಳಿಯುವುದು ಬರೆದಿಟ್ಟದ್ದು ಮಾತ್ರ. ಅದೇ ವರ್ಷದ ಡಿಸೆಂಬರ್‌ನಲ್ಲಿ, ದುರಸ್ತಿಗಾಗಿ ಮನೆಯನ್ನು ಮುಚ್ಚಿದ್ದಾಗ, ಮಹಿಳೆಯೊಬ್ಬರು ಮುಂಬಾಗಿಲ ಬಳಿ ಪೆಟ್ರೋಲ್ ಸುರಿದು ಬೆಂಕಿಯಿಡಲು ಹೊರಟಿದ್ದರು. ಮನೆ ನೋಡಲು ಬಂದಿದ್ದ ಪ್ರವಾಸಿಗರೇ ಅವರನ್ನು ತಡೆದರು. 1895ರಲ್ಲಿ ಕಟ್ಟಿದ ಮರದ ಮನೆ ಅದು, ಬೆಂಕಿ ಹಿಡಿದಿದ್ದರೆ ನಂದಿಸುವುದು ಸುಲಭವಿರಲಿಲ್ಲ.

ಎಬನೀಜರ್ ಚರ್ಚನ್ನು 1960ರ ದಶಕದಲ್ಲಿದ್ದ ರೂಪಕ್ಕೆ ತಂದಿದ್ದಾರೆ. ಕಿಂಗ್ 1960ರಿಂದ ಕೊನೆಯವರೆಗೆ ತಂದೆಯ ಜೊತೆಗೆ ಅಲ್ಲಿ ಪಾದ್ರಿಯಾಗಿದ್ದರು. ಅಲ್ಲೀಗ ಹೆಚ್ಚು ಮಾತಿನ ವಿವರಣೆಯಿಲ್ಲ. ಬೆಂಚಿನ ಮೇಲೆ ಕುಳಿತರೆ ಅವರ ಧ್ವನಿಮುದ್ರಿತ ಉಪದೇಶ ಕೇಳಿಬರುತ್ತದೆ, ಸಭೆಯವರು ನಡುನಡುವೆ ಕೂಗಿ ಒಪ್ಪಿಗೆ ಸೂಚಿಸುವುದೂ ಕೇಳುತ್ತದೆ. ಧ್ವನಿಯನ್ನು ಅದು ಹುಟ್ಟಿದ ಕೋಣೆಯಲ್ಲಿಯೇ ಕೇಳಿಸುವುದು ಎಷ್ಟು ಸರಳ ಉಪಾಯ, ಆದರೂ ನಾನು ನೋಡಿದ ಯಾವ ಪರದೆ, ಯಾವ ತಂತ್ರಜ್ಞಾನವೂ ಅದರಷ್ಟು ನನ್ನನ್ನು ತಟ್ಟಿಲ್ಲ. ಮಾತಾಡುವ ಒಬ್ಬನ ಜೊತೆಗೆ ಮಾತನ್ನು ಎತ್ತಿ ಹಿಡಿಯುವ ನೂರು ಜನರೂ ಅಲ್ಲಿದ್ದಾರೆ. ಕಿಂಗ್ ಅವರ ತಾಯಿ ಆಲ್ಬರ್ಟಾ ಅವರನ್ನು 1974ರ ಜೂನ್ 30ರಂದು ಇದೇ ಚರ್ಚಿನಲ್ಲಿ, ಆರ್ಗನ್ ನುಡಿಸುತ್ತಿದ್ದಾಗ, ಗುಂಡಿಟ್ಟು ಕೊಲ್ಲಲಾಯಿತು. ಮಗನ ಸ್ಮಾರಕವೆಂದು ಬಂದವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಸಭೆ 1999ರಲ್ಲಿ ರಸ್ತೆಯ ಎದುರಿನ ಹೊಸ ಕಟ್ಟಡಕ್ಕೆ ಹೋಗಿದೆ, ಅಲ್ಲಿ ಭಾನುವಾರದ ಪ್ರಾರ್ಥನೆ ಇಂದಿಗೂ ನಡೆಯುತ್ತದೆ.

ಪಕ್ಕದಲ್ಲಿ, ನೀರಿನ ಕೊಳದ ನಡುವೆ, ಕಿಂಗ್ ಮತ್ತು ಅವರ ಪತ್ನಿ ಕೊರೆಟ್ಟಾ ಅವರ ಬಿಳಿ ಅಮೃತಶಿಲೆಯ ಸಮಾಧಿಯಿದೆ. ಗಂಡ ಸತ್ತ ವರ್ಷವೇ ಕಿಂಗ್ ಕೇಂದ್ರವನ್ನು ಸ್ಥಾಪಿಸಿ, ಈ ಬೀದಿಯ ಉಳಿವಿಗೂ ಗಂಡನ ಹೆಸರಿನಲ್ಲಿ ಜನವರಿಯ ರಾಷ್ಟ್ರೀಯ ರಜಾದಿನಕ್ಕೂ ವರ್ಷಗಟ್ಟಲೆ ಹೋರಾಡಿದವರು ಕೊರೆಟ್ಟಾ. ರಜೆಯ ಕಾಯ್ದೆಗೆ ಸಹಿ ಬಿದ್ದಿದ್ದು 1983ರಲ್ಲಿ. ಸಂದರ್ಶಕ ಕೇಂದ್ರದ ಹೊರಗೆ ಗಾಂಧೀಜಿಯ ಪ್ರತಿಮೆಯೂ ಇದೆ. ಕಿಂಗ್ ದಂಪತಿ 1959ರಲ್ಲಿ ಭಾರತಕ್ಕೆ ಹೋಗಿಬಂದಿದ್ದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿರುವ ಒಂದು ಹಳೆಯ ಮರದ ಗಾಡಿ. ಅಂತ್ಯಕ್ರಿಯೆಯ ದಿನ ಎರಡು ಹೇಸರಗತ್ತೆಗಳು ಕಿಂಗ್ ಅವರ ಶವಪೆಟ್ಟಿಗೆಯನ್ನು ಅಟ್ಲಾಂಟಾದ ಬೀದಿಗಳಲ್ಲಿ ಎಳೆದದ್ದು ಈ ಗಾಡಿಯಲ್ಲಿ. ಮಿರುಗುವ ಕರಿಯ ಶವವಾಹನ ಸಿಗದೆ ಹಾಗೆ ಮಾಡಿದ್ದಲ್ಲ. ಅವರು ಕೊನೆಯ ತಿಂಗಳುಗಳಲ್ಲಿ ಕಟ್ಟುತ್ತಿದ್ದ ಬಡವರ ಆಂದೋಲನದ ಗುರುತಾಗಿ, ಹೊಲದ ಕೆಲಸದ ಗಾಡಿಯನ್ನು ಬೇಕೆಂದೇ ಆರಿಸಿಕೊಂಡಿದ್ದರು. ಮೆಂಫಿಸ್‌ನ ಲಾರಿಯನ್ನು ಕಂಡವರಿಗೆ ಈ ಗಾಡಿ ಬೇರೆಯೇ ಆಗಿ ಕಾಣುತ್ತದೆ.

ಮಾಂಟ್ಗೊಮರಿಯ ಬಗ್ಗೆ ಬರೆಯಲು ಬಹಳವಿದೆ, ಆದರೆ ಒಂದೇ ಮನೆಯ ಬಗ್ಗೆ ಹೇಳುತ್ತೇನೆ. ಸೌತ್ ಜಾಕ್ಸನ್ ಬೀದಿಯ 309ನೇ ಸಂಖ್ಯೆಯ ಆ ಸಣ್ಣ ಬಿಳಿ ಮನೆ, ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿದ್ದ ಇಪ್ಪತ್ತೈದರ ಹರೆಯದ ಕಿಂಗ್ ಅವರಿಗೆ ಚರ್ಚು ಕೊಟ್ಟ ಮನೆ. 1956ರ ಜನವರಿ 30ರ ರಾತ್ರಿ, ಬಸ್ ಬಹಿಷ್ಕಾರದ ನಡುವೆ, ಯಾರೋ ಅದರ ಮುಂಜಗಲಿಗೆ ಬಾಂಬ್ ಎಸೆದರು. ಒಳಗೆ ಕೊರೆಟ್ಟಾ ಮತ್ತು ಹತ್ತು ವಾರದ ಮಗಳು ಯೊಲಾಂಡಾ ಇದ್ದರು. ಇಬ್ಬರಿಗೂ ಏನೂ ಆಗಲಿಲ್ಲ. ಜಗಲಿಯ ಕಾಂಕ್ರೀಟಿನಲ್ಲಿ ಬಾಂಬ್ ಬಿದ್ದ ಗುರುತನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದಾರೆ. ಅಗಲವಾದದ್ದೇನಲ್ಲ, ಗೊತ್ತಿಲ್ಲದವರು ಹಳೆಯ ಸಿಮೆಂಟ್ ಕಿತ್ತುಹೋಗಿದೆ ಎಂದುಕೊಂಡು ದಾಟಿಬಿಡಬಹುದು. ಅದಕ್ಕೂ ಮೂರು ದಿನ ಮೊದಲು, ಕೊಲ್ಲುತ್ತೇವೆಂಬ ಫೋನ್ ಕರೆಯೊಂದು ಬಂದ ನಡುರಾತ್ರಿ, ಕಿಂಗ್ ಅಡುಗೆಮನೆಯ ಮೇಜಿನ ಮುಂದೆ ಕಾಫಿ ಇಟ್ಟುಕೊಂಡು ಕುಳಿತು, ತನ್ನ ಧೈರ್ಯ ಕುಂದಿದೆ, ಇನ್ನು ನನ್ನಿಂದಾಗದು ಎಂದು ದೇವರ ಮುಂದೆ ಒಪ್ಪಿಕೊಂಡಿದ್ದರು. ಮನೆಯನ್ನು ನೋಡುತ್ತ ಬಂದವರನ್ನು ಆ ಅಡುಗೆಮನೆಗೂ ಕರೆದೊಯ್ಯುತ್ತಾರೆ. ಹೆದರಿ ಕುಳಿತ ಜಾಗವನ್ನು ಸ್ಮಾರಕವಾಗಿ ಕಾಯುವುದು ಅಪರೂಪ. ಅಲ್ಲಿ ಕಾಣುವ ಕಿಂಗ್ ನನಗೆ ಎಲ್ಲ ಪ್ರತಿಮೆಗಳಿಗಿಂತ ಹತ್ತಿರದವರು.

ಈ ಕಾರಣಕ್ಕೇ ಇರಬೇಕು, ವಾಷಿಂಗ್ಟನ್‌ನ ಸ್ಮಾರಕದ ಮುಂದೆ ನನಗೆ ಸ್ವಲ್ಪ ಅಪರಿಚಿತ ಭಾವ ಕಾಡಿತು. ಹತಾಶೆಯ ಬೆಟ್ಟದಿಂದ ಭರವಸೆಯ ಕಲ್ಲೊಂದನ್ನು ಕಡೆಯುತ್ತೇವೆಂಬ 1963ರ ಭಾಷಣದ ಮಾತನ್ನೇ ಆಧಾರವಾಗಿಟ್ಟುಕೊಂಡು, ಎರಡಾಗಿ ಸೀಳಿದ ಬೆಟ್ಟದ ಮುಂದೆ 30 ಅಡಿ ಎತ್ತರದ ಗ್ರಾನೈಟ್ ಶಿಲೆಯಲ್ಲಿ ಕಿಂಗ್ ಕೈಕಟ್ಟಿ ನಿಂತಿದ್ದಾರೆ. 2011ರಲ್ಲಿ ತೆರೆದ ಈ ಸ್ಮಾರಕದ ಶಿಲ್ಪಿ ಲೇ ಯಿಶಿನ್. ಅದರ ವಿಳಾಸದ ಸಂಖ್ಯೆ 1964, ನಾಗರಿಕ ಹಕ್ಕುಗಳ ಕಾಯ್ದೆ ಬಂದ ವರ್ಷ. ಶಿಲೆಯ ಒಂದು ಬದಿಯಲ್ಲಿ, ‘ನಾನು ನ್ಯಾಯ, ಶಾಂತಿ ಮತ್ತು ಧರ್ಮಕ್ಕಾಗಿ ಮೆರವಣಿಗೆಯ ಮುಂದಾಳಾಗಿದ್ದೆ’ ಎಂಬ ಅರ್ಥದ ಸಾಲನ್ನು ಕೆತ್ತಿದ್ದರು. ಕಿಂಗ್ 1968ರ ಫೆಬ್ರವರಿಯಲ್ಲಿ ಎಬನೀಜರ್‌ನಲ್ಲಿ ಆಡಿದ ಮಾತು ಹಾಗಿರಲಿಲ್ಲ. ಎಲ್ಲರಿಗಿಂತ ಮುಂದೆ ನಿಲ್ಲಬೇಕೆಂಬ ಮನುಷ್ಯನ ಹಂಬಲವನ್ನೇ ಟೀಕಿಸುತ್ತ, ನನ್ನನ್ನು ಮುಂದಾಳು ಎಂದು ನೀವು ಹೇಳಲೇಬೇಕೆಂದಿದ್ದರೆ ನ್ಯಾಯಕ್ಕಾಗಿ ಮುಂದಾಳಾಗಿದ್ದ ಎನ್ನಿ ಎಂದು ಅವರು ಹೇಳಿದ್ದರು. ಜಾಗ ಸಾಲದೆಂದು ಆ ‘ಹೇಳಲೇಬೇಕೆಂದಿದ್ದರೆ’ಯನ್ನು ಕೈಬಿಟ್ಟದ್ದರಿಂದ, ವಿನಯದ ಮಾತು ಜಂಬದ ಮಾತಾಯಿತು. ಕವಯಿತ್ರಿ ಮಾಯಾ ಏಂಜೆಲೊ ಇದು ಅವರನ್ನು ದುರಹಂಕಾರಿಯಂತೆ ತೋರಿಸುತ್ತದೆ ಎಂದು ಸಿಟ್ಟಾದರು. ಕೊನೆಗೆ 2013ರಲ್ಲಿ ಶಿಲ್ಪಿಯೇ ಬಂದು ಆ ಸಾಲಿನ ಮೇಲೆ ಉದ್ದುದ್ದ ಗೀರುಗಳನ್ನು ಕೆತ್ತಿ ಅಳಿಸಿದರು. ಕಲ್ಲಿನಲ್ಲಿ ಬರೆಯುವವರು ಸಂಕ್ಷೇಪಿಸಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಆ ಸ್ಮಾರಕದ ಗೋಡೆಗಳ ಮೇಲಿನ 14 ಉಕ್ತಿಗಳಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಮಾತೂ ಇದೆ, ಎಲ್ಲೆಡೆಯ ಜನರಿಗೂ ದಿನಕ್ಕೆ ಮೂರು ಹೊತ್ತು ಊಟ ಸಿಗಬೇಕೆಂಬ ಮಾತೂ ಇದೆ. ‘ನನಗೊಂದು ಕನಸಿದೆ’ ಎಂಬ 1963ರ ಭಾಷಣವೊಂದನ್ನೇ ಮೆರೆಸದೆ ಇವನ್ನು ಆರಿಸಿದವರಿಗೆ ನನ್ನ ಗೌರವವಿದೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿಂದ ನಡೆದು ಹೋಗಬಹುದಾದ ಲಿಂಕನ್ ಸ್ಮಾರಕದ ಮೆಟ್ಟಿಲು. 1963ರ ಆಗಸ್ಟ್ 28ರಂದು ಅವರು ನಿಂತು ಮಾತಾಡಿದ ಜಾಗದಲ್ಲಿ 2003ರಲ್ಲಿ ಐದು ಸಾಲು ಕೆತ್ತಿದ್ದಾರೆ. ಅದರಲ್ಲಿ ಆ ದಿನದ ಮೆರವಣಿಗೆಯ ಪೂರ್ತಿ ಹೆಸರಿದೆ: ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ ವಾಷಿಂಗ್ಟನ್ ಮೆರವಣಿಗೆ. ಉದ್ಯೋಗ ಎಂಬ ಪದವನ್ನು ಎಲ್ಲರೂ ಮರೆಯುತ್ತಾರೆ, ಆ ಕಲ್ಲು ಮರೆತಿಲ್ಲ. ಅಲ್ಲಿ ನಿಂತರೆ ಅವರ ಮುಖ ಕಾಣುವುದಿಲ್ಲ, ಅವರು ಕಂಡದ್ದು ಕಾಣುತ್ತದೆ.

ಕಾಗದಗಳ ಕಥೆ ಇನ್ನೂ ತೊಡಕಿನದು. ಕಿಂಗ್ ಅವರ ಕೈಬರಹದ ಟಿಪ್ಪಣಿಗಳು, ಉಪದೇಶಗಳ ಕರಡುಗಳು, ವಿದ್ಯಾರ್ಥಿ ದಿನಗಳ ಉತ್ತರಪತ್ರಿಕೆಗಳು ಸೇರಿದಂತೆ ಸುಮಾರು 10,000 ವಸ್ತುಗಳು 2006ರಲ್ಲಿ ಹರಾಜಿಗೆ ಬರುವುದರಲ್ಲಿದ್ದವು. ಬಿಡಿಬಿಡಿಯಾಗಿ ಖಾಸಗಿ ಕಪಾಟುಗಳನ್ನು ಸೇರಬಹುದಾಗಿದ್ದ ಅವನ್ನು ಮೇಯರ್ ಶರ್ಲಿ ಫ್ರಾಂಕ್ಲಿನ್ ಅವರ ನೇತೃತ್ವದಲ್ಲಿ ಅಟ್ಲಾಂಟಾದವರು 3.2 ಕೋಟಿ ಡಾಲರ್‌ಗೆ ಕೊಂಡು, ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿಗೆ ಒಪ್ಪಿಸಿದರು. ಅಟ್ಲಾಂಟಾದ ನಾಗರಿಕ ಮತ್ತು ಮಾನವ ಹಕ್ಕುಗಳ ರಾಷ್ಟ್ರೀಯ ಕೇಂದ್ರದಲ್ಲಿ ಅವನ್ನು ಮಂದ ಬೆಳಕಿನಲ್ಲಿ, ಸರದಿಯ ಮೇಲೆ, ಕೆಲವೇ ಹಾಳೆಗಳಂತೆ ತೋರಿಸುತ್ತಾರೆ, ಬೆಳಕು ಬಿದ್ದಷ್ಟೂ ಶಾಯಿ ಮಾಸುತ್ತದೆ. ಇನ್ನೊಂದು ಬಗೆಯ ಕಾಗದಗಳೂ ಇವೆ. ಕೇಂದ್ರ ತನಿಖಾ ದಳ ಎಫ್‌ಬಿಐ ವರ್ಷಗಟ್ಟಲೆ ಅವರ ಫೋನ್ ಕದ್ದಾಲಿಸಿ, ಕೋಣೆಗಳಲ್ಲಿ ಧ್ವನಿಗ್ರಾಹಕಗಳನ್ನು ಅಡಗಿಸಿಟ್ಟು, ಅವರ ಹೆಸರು ಕೆಡಿಸಲೆಂದೇ ಸಂಗ್ರಹಿಸಿದ ಕಡತಗಳು. ನ್ಯಾಯಾಲಯ 1977ರಲ್ಲಿ ಆ ಧ್ವನಿಮುದ್ರಿಕೆಗಳನ್ನೂ ಅವುಗಳ ಬರಹರೂಪವನ್ನೂ 50 ವರ್ಷಗಳ ಕಾಲ ಮುದ್ರೆಯೊತ್ತಿ ಇಡಲು ಹೇಳಿತು. 2025ರ ಜುಲೈನಲ್ಲಿ ಹತ್ಯೆಯ ತನಿಖೆಗೆ ಸಂಬಂಧಿಸಿದ 2,30,000ಕ್ಕೂ ಹೆಚ್ಚು ಪುಟಗಳನ್ನು ಸರ್ಕಾರ ಬಿಡುಗಡೆ ಮಾಡಿದಾಗ, ಉಳಿದಿರುವ ಮಕ್ಕಳಿಬ್ಬರೂ ಓದುವವರು ತಮ್ಮ ನೋವನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕೆಂದು ಕೇಳಿಕೊಂಡರು. ಉಳಿದ ಕಾಗದವೆಲ್ಲ ಪ್ರೀತಿಯಿಂದ ಉಳಿಸಿದ್ದಲ್ಲ. ಅದನ್ನು ಓದುವಾಗ ಬರೆದವರು ಯಾರು, ಏಕೆ ಬರೆದರು ಎಂದು ಮೊದಲು ಕೇಳಬೇಕು.

ಮತ್ತೆ ಮೆಂಫಿಸ್‌ಗೆ ಬರುತ್ತೇನೆ. ಲೊರೇನ್‌ನಿಂದ ಸ್ವಲ್ಪ ದೂರದಲ್ಲಿ ಕ್ಲೇಬಾರ್ನ್ ಟೆಂಪಲ್ ಎಂಬ ಹಳೆಯ ಚರ್ಚು. ಮುಷ್ಕರದ ದಿನಗಳಲ್ಲಿ ಪೌರಕಾರ್ಮಿಕರು ಸೇರುತ್ತಿದ್ದದ್ದು, ಆ ಫಲಕಗಳನ್ನು ಕೈಗೆತ್ತಿಕೊಂಡು ನಗರಸಭೆಯತ್ತ ಹೊರಡುತ್ತಿದ್ದದ್ದು ಅಲ್ಲಿಂದ. ಬಹುಕಾಲ ಬೀಗ ಹಾಕಿದ್ದ ಆ ಕಟ್ಟಡಕ್ಕೆ ಜೀರ್ಣೋದ್ಧಾರದ ಕೆಲಸ ನಡೆದಿತ್ತು. 2025ರ ಏಪ್ರಿಲ್ 28ರ ನಸುಕಿನಲ್ಲಿ ಅದು ಹೊತ್ತಿ ಉರಿಯಿತು. ಚಾವಣಿ ಕುಸಿಯಿತು, ಒಳಭಾಗ ಬೂದಿಯಾಯಿತು. ಬೆಂಕಿ ತಾನಾಗಿ ಹತ್ತಿದ್ದಲ್ಲ, ಹಚ್ಚಿದ್ದು ಎಂದು ತನಿಖೆ ಹೇಳಿತು. ಸುದ್ದಿ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ನಾನು ಮೆಂಫಿಸ್‌ನಲ್ಲಿದ್ದಾಗ ಲೊರೇನ್ ನೋಡಿ ಮುಗಿಸುವುದರಲ್ಲಿ ಸಂಜೆಯಾಗಿ, ಆ ಚರ್ಚಿಗೆ ನಾಳೆಯೋ ಮುಂದಿನ ಸಲವೋ ಹೋದರಾಯಿತು ಎಂದು ಬಿಟ್ಟುಬಂದಿದ್ದೆ.

ಆ ಚರ್ಚಿನ ಪಕ್ಕದಲ್ಲಿ 2018ರಲ್ಲಿ, ಮುಷ್ಕರದ ಐವತ್ತನೆಯ ವರ್ಷದಲ್ಲಿ, ಒಂದು ಚೌಕ ಮಾಡಿ ಅದಕ್ಕೆ ಫಲಕದ ಆ ನಾಲ್ಕು ಪದಗಳನ್ನೇ ಹೆಸರಾಗಿ ಇಟ್ಟರು. ಕೆಲಸ ಬಿಟ್ಟು ಹೊರಬಂದ ಆ ಸುಮಾರು 1,300 ಕಾರ್ಮಿಕರ ಹೆಸರುಗಳನ್ನು ಅಲ್ಲಿಯ ಗೋಡೆಯಲ್ಲಿ ಕೊರೆದಿದ್ದಾರೆ. ಮುಂದಿನ ಸಲ ಮೆಂಫಿಸ್‌ಗೆ ಹೋದರೆ ನಾನು ಮೊದಲು ಅಲ್ಲಿಗೆ ಹೋಗುತ್ತೇನೆ. ಎಷ್ಟು ಹೊತ್ತಾದರೂ ಸರಿ, ಹೆಸರುಗಳನ್ನು ಓದುತ್ತೇನೆ. ಆಮೇಲೆ, ಅವರು ಮೆರವಣಿಗೆ ಹೊರಟ ಆ ಜಾಗದಿಂದ ನಡೆದುಕೊಂಡೇ ಲೊರೇನ್‌ಗೆ ಹೋಗುತ್ತೇನೆ.